ಹದಿನೇಳನೇ ಮಡಿ

ಹೂವಿನ ಬಣ್ಣ: ನೇರಳೆ, ಎಂದು ಬರೆದೆ.
ನಿಜಕ್ಕೆ ಅಷ್ಟು ನೇರಳೆಯೂ ಅಲ್ಲ,
ಬಣ್ಣದ ಸೀಮೆಸುಣ್ಣದಲ್ಲಿ ಗೀಚಿದ ಸ್ಲೇಟನ್ನು
ಮಗು ಅಂಗೈಯಲ್ಲಿ ಒರೆಸಿದ ಮೇಲೆ ಉಳಿಯುವಷ್ಟು.
ಎಲೆಯ ಕಂಕುಳಲ್ಲಿ ಅವಿತಿರುತ್ತದೆ,
ಬಗ್ಗದವರಿಗೆ ಕಾಣುವುದಿಲ್ಲ.

ಅರ್ಧ ಮಡಿ ಹೂಬಿಡಲು ನಲವತ್ತೊಂದು ದಿನ.
ಎತ್ತರ ನನ್ನ ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ;
ಬರೆಯಬೇಕಾದ್ದು ಸೆಂಟಿಮೀಟರಿನಲ್ಲಿ.
ಕಾಯಿಯ ಮೇಲೆ ಕಂದು ರೋಮ,
ಕಾಳಿನ ಹೊಕ್ಕುಳು ಕಪ್ಪು.

ಜುಲೈ ಮೊದಲ ವಾರ. ಮಂಡ್ಯದ ನಾಲೆಗೆ ಇನ್ನೂ ನೀರು ಬಿಟ್ಟಿರಲಿಲ್ಲ.
ಗೋದಾಮಿನ ಹುಡುಗ ಬೀಜದ ಚೀಲವನ್ನು
ಹೆಗಲಿಂದ ದೊಪ್ಪನೆ ಇಳಿಸಹೋದಾಗ
ನಿಂಗಾಜಮ್ಮ ಕೂಗಿದಳು:
"ರಾಗಿ ಮೂಟೆ ಅಲ್ಲ ಕನ್ಲಾ ಅದು,
ಬಾಣಂತಿ ಮಡ್ಲಿಂದ ಕೂಸು ಇಳ್ಸ್ದಂಗೆ ಇಳ್ಸು!"

ಈ ಕಾಳಿನ ಸಿಪ್ಪೆ ಬಲು ತೆಳು,
ಒಂದೇ ಪೆಟ್ಟಿಗೆ ಒಳಗಿನ ಮೊಳಕೆ ಸುಮ್ಮನೆ ಸಾಯುತ್ತದೆ,
ಹೊರಗೆ ಕಾಳು ಹೊಳೆಯುತ್ತಲೇ ಇರುತ್ತದೆ.
ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ.
ಮೂರು ವರ್ಷದ ಹಿಂದೆ ನೂರಕ್ಕೆ ನಲವತ್ತೇ ಹುಟ್ಟಿದಾಗ
ಸಾಲುಗಳ ಬೋಳು ನೋಡುತ್ತ ನಿಂತು, ಆಮೇಲೆ
ಚೀಲ ಹೊತ್ತವನ ಮನೆಗೇ ಹೋಗಿ ಕೇಳಿ ಬಂದಿದ್ದಳು.

ಬೆಲ್ಲದ ಪಾಕ ಆರಿಸಿ, ಕಪ್ಪು ಜೀವಾಣು ಪುಡಿ ಕಲಸಿ,
ಕಾಳಿಗೆ ಸವರಿ, ಹೊಂಗೆ ನೆರಳಲ್ಲಿ ಗೋಣಿ ಮೇಲೆ ಹರವಿದೆವು.
ಇರುವೆ ಬಂದವು.
ನಮ್ಮ ಕೈಪಿಡಿಯಲ್ಲಿ ಇರುವೆಗಳಿಲ್ಲ.
ಅವಳು ಗೋಣಿ ಸುತ್ತ ಬೂದಿಯ ಗೆರೆ ಎಳೆದು,
ಪುಡಿ ಬೀಳದ ಪಾತ್ರೆಯ ತಳದ ಪಾಕವನ್ನು
ಬೆರಳಲ್ಲಿ ಬಳಿದು ನೆಕ್ಕಿದಳು. "ಈ ವರ್ಸದ ಬೆಲ್ಲ ಉಪ್ಪು" ಎಂದಳು.

ಸಾಲಿಂದ ಸಾಲಿಗೆ ಅಡಿ, ಕಾಳಿಂದ ಕಾಳಿಗೆ ಅಂಗೈ ಅಗಲ,
ಆಳ ಅವಳ ಬೆರಳಿನ ಒಂದೂವರೆ ಗೆಣ್ಣು.
ನನ್ನ ಬೆರಳು ಉದ್ದ, ಹಾಗಾಗಿ ನಾನು ಬಿತ್ತಬಾರದು.

ಕಳೆ ತೆಗೆದ ಮೇಲೆ ಒಂದು ಗಿಡ ಕಿತ್ತು ಬೇರು ತೊಳೆದೆ.
ಗಂಟುಗಳು, ಸಾಸಿವೆಗಿಂತ ದಪ್ಪ.
ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು.
"ರಕ್ತ ಅದೆ ಕನವ್ವ" ಎಂದು
ಅವಳು ಆ ಬೇರನ್ನು ಮತ್ತೆ ಮಣ್ಣಿಗೇ ಹೂತಳು.
ಬದುಕುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅಕ್ಟೋಬರಿನಲ್ಲಿ ಎಲೆಯೆಲ್ಲ ಉದುರಿ
ಮಡಿಗಳಲ್ಲಿ ಬರೀ ಕಡ್ಡಿ, ಕಡ್ಡಿಗೆ ಕಾಯಿ.
ನಾಲ್ಕು ದಿನ ಸುಡುಬಿಸಿಲು. ಕೊಯ್ಲಿನ ಆಳು ಸಿಗಲಿಲ್ಲ,
ಎಲ್ಲರೂ ಕಬ್ಬಿನ ಗದ್ದೆಯಲ್ಲಿ.
ನಿಂಗಾಜಮ್ಮ ಬದುವಿನ ಮೇಲೆ ಮುದ್ದೆ ಮುರಿಯುತ್ತ
ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

ಚಟ್. ಹನ್ನೆರಡನೇ ಮಡಿ.
ಚಟ್, ಚಟಚಟ. ಹದಿನಾಲ್ಕು, ಹದಿನಾರು.
ಕಾಯಿಗಳು ಬಾಯಿ ತಿರುಚಿ ಕಾಳು ಉಗಿಯುತ್ತಿವೆ,
ಒಂದು ಬಂದು ಅವಳ ಸಾರಿನ ತಟ್ಟೆಗೇ ಬಿತ್ತು.

"ಹದಿನೇಳು ಮೂಗಿ ಕನ್ ಕೂಸೆ."
ಇನ್ನೂ ಒಣಗಿಲ್ಲವೇನೋ, ಎಂದೆ.
ಎಂಜಲು ಕೈಯಲ್ಲೇ ಎದ್ದು ಹೋಗಿ ಒಂದು ಕಾಯಿ ಕಿತ್ತು
ನನ್ನ ಕಿವಿಯ ಬಳಿ ಆಡಿಸಿದಳು.
ಒಳಗೆ ಮೂರು ಕಾಳು ಗಿಲಗಿಲ.
"ಒಣಗದೆ. ಆದ್ರೆ ಬಾಯ್ ಬುಡಾಕಿಲ್ಲ."

ಕಾಯಿ ಸಿಡಿಯುವಿಕೆ: ನೂರಕ್ಕೆ ಎರಡು.
ಬರೆದೆ. ಇತರೆ ಎಂಬ ಕಾಲಂ ಅರ್ಧ ಇಂಚು ಅಗಲ,
ಅದರಲ್ಲಿ ಪೆನ್ನು ಊರಿಕೊಂಡು ಕುಳಿತೆ.
ಕೊನೆಗೆ ‘ಮಧ್ಯಾಹ್ನ ಸದ್ದಿಲ್ಲ’ ಎಂದು ಸಣ್ಣ ಅಕ್ಷರದಲ್ಲಿ.

ಹೆಸರು ಇನ್ನೂ ಇಟ್ಟಿಲ್ಲ ಇದಕ್ಕೆ, ನಂಬರೊಂದೇ.
ಮುಂದೊಂದು ವರ್ಷ ಯಾರೋ ಕಬ್ಬಿನ ಸಾಲುಗಳ ನಡುವೆ ಬಿತ್ತುತ್ತಾರೆ,
ಮನೆಯಲ್ಲಿ ಮದುವೆ ಬಂದು ಕೊಯ್ಲು ಹತ್ತು ದಿನ ತಡವಾಗುತ್ತದೆ,
ಕಾಳು ಕಾದಿರುತ್ತದೆ.

ತೂಕವಾದ ಮೇಲೆ ಸೆರಗಿಗೆ ಒಂದು ಹಿಡಿ ಹಾಕಿಕೊಟ್ಟೆ.
ಮರುದಿನ ಅದೇ ಹಿಡಿ ವಾಪಸ್ಸು ತಂದಳು, ಬೇಯಿಸಿದ್ದು, ಡಬ್ಬಿಯಲ್ಲಿ.
"ಮೂರು ಸೀಟಿ ಹೊಡ್ಸಿವ್ನಿ, ಬೇಯಾಕಿಲ್ಲ.
ಹಸೀ ವಾಸ್ನೆ. ನಮ್ಮ ಅವ್ರೆ ಕಾಳು ಮುಂದೆ ಯಾತಕ್ಕೆ?
ತಿನ್ನು, ನೀನೇ ಬರ್ಕೊಂಡಿದ್ದಲ್ಲ."

ಬದುವಿನ ಮೇಲೆ ಕೂತು ತಿಂದೆ, ಉಪ್ಪು ಸಾಲದಾಗಿತ್ತು.
ರುಚಿಗೆ ಕಾಲಂ ಇಲ್ಲ.